ದುಡಿಯುವ ಕೈಗೂ ಒಂದು ದಾರಿ ಬೇಕು

ಕಿರಿಯ ಗೆಳೆಯರೇ,

2025ರ ಸೆಪ್ಟೆಂಬರ್ ತಿಂಗಳನ್ನು ನೀವು ಬೇಗ ಮರೆಯಲಾರಿರಿ. ಹೊಸ ಎಚ್‌-1ಬಿ ಉದ್ಯೋಗ ವೀಸಾ ಅರ್ಜಿಯೊಂದಕ್ಕೆ 1 ಲಕ್ಷ ಡಾಲರ್ ಕಟ್ಟಬೇಕು ಎಂದು ಅಮೆರಿಕದ ಅಧ್ಯಕ್ಷರು ಆಜ್ಞೆ ಹೊರಡಿಸಿದ್ದು ಆ ತಿಂಗಳು. ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಮುಂದಿನ ದಾರಿ ಏನು ಎಂಬ ಚಿಂತೆ ಹತ್ತಿತು. ಅದೇ ತಿಂಗಳ ಮೊದಲಲ್ಲಿ ಕಾಠ್ಮಂಡುವಿನಲ್ಲಿ ನಿಮ್ಮದೇ ವಯಸ್ಸಿನವರು ಬೀದಿಗಿಳಿದಿದ್ದರು, ಪ್ರಧಾನಿ ಕೆ.ಪಿ. ಶರ್ಮಾ ಓಲಿ ರಾಜೀನಾಮೆ ಕೊಡಬೇಕಾಯಿತು. ಕಿಡಿ ಹೊತ್ತಿಸಿದ್ದು ಸಾಮಾಜಿಕ ಜಾಲತಾಣಗಳ ನಿಷೇಧ. ಒಳಗೆ ಕುದಿಯುತ್ತಿದ್ದದ್ದು ಭ್ರಷ್ಟಾಚಾರದ ಮೇಲಿನ ಸಿಟ್ಟು, ಅದರ ಜೊತೆಗೆ ಊರಲ್ಲಿ ಕೆಲಸವಿಲ್ಲ, ಪರದೇಶವೇ ಗತಿ ಎಂಬ ಹತಾಶೆ.

ಈ ಎರಡು ಸುದ್ದಿಗಳನ್ನು ನೀವು ಪತ್ರಿಕೆಯ ಬೇರೆ ಬೇರೆ ಪುಟಗಳಲ್ಲಿ ಓದಿದಿರಿ. ಒಟ್ಟಿಗೆ ಇಟ್ಟು ಓದಿ ಎಂದು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ. "ಕೆಲಸ ಬಲ್ಲವರು ನಾವು, ಕೆಲಸದವರು ಬೇಕಾಗಿರುವುದು ಅವರಿಗೆ, ನಡುವೆ ಗೋಡೆ ಯಾಕೆ?" ಎಂದು ನೀವು ಕೇಳುತ್ತೀರಿ. ನ್ಯಾಯವಾದ ಪ್ರಶ್ನೆಯೇ. ನಮಗಿಂತ ಬಡವಾದ ದೇಶಗಳ ಹುಡುಗ ಹುಡುಗಿಯರೂ ಅದನ್ನೇ ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಅವರ ದನಿ ಅಮೆರಿಕಕ್ಕಾಗಲಿ ಯುರೋಪಿಗಾಗಲಿ ಸುಲಭವಾಗಿ ಮುಟ್ಟುವುದಿಲ್ಲ. ನಮಗಾದರೂ ಮುಟ್ಟಬೇಕು. ನಿಮಗಾಗಿ ಕೇಳುವ ನ್ಯಾಯವನ್ನು ನಿಮಗಿಂತ ಬಡವನಿಗೂ ಕೇಳಿ. ನಾನು ಹೇಳಬೇಕೆಂದಿರುವುದು ಇದೊಂದೇ ಮಾತು. ಮಿಕ್ಕದ್ದೆಲ್ಲ ಅದರ ವಿವರಣೆ.

ಅತ್ಯಂತ ಹಿಂದುಳಿದ ದೇಶಗಳು ಎಂಬ ಪಟ್ಟಿಯನ್ನು ವಿಶ್ವಸಂಸ್ಥೆ ಮಾಡಿದ್ದು 1971ರಲ್ಲಿ. ಆಗ ಅದರಲ್ಲಿ 25 ದೇಶಗಳಿದ್ದವು. ಮುಂದೆ ಪಟ್ಟಿ ಬೆಳೆಯಿತು. 2023ರಲ್ಲಿ ಭೂತಾನ್, 2024ರಲ್ಲಿ ಸಾವೊ ಟೋಮೆ ಹೊರಬಂದ ಮೇಲೂ 44 ದೇಶಗಳು ಉಳಿದವು. ಹೆಚ್ಚಿನವು ಆಫ್ರಿಕಾದವು, ನಮ್ಮ ನೆರೆಯಲ್ಲಿ ನೇಪಾಳ, ಬಾಂಗ್ಲಾದೇಶ, ಮ್ಯಾನ್ಮಾರ್, ಅಫ್ಘಾನಿಸ್ತಾನ. ಭೂಮಿಯ ಮೇಲಿನ ಏಳು ಜನರಲ್ಲಿ ಹೆಚ್ಚು ಕಡಿಮೆ ಒಬ್ಬರು ಈ ದೇಶಗಳವರು. ಆದರೆ ಜಗತ್ತಿನ ಸೇವಾ ರಫ್ತಿನಲ್ಲಿ ಇವೆಲ್ಲ ಸೇರಿದರೂ ಪಾಲು ಶೇಕಡ 1 ಮುಟ್ಟುವುದಿಲ್ಲ. ಇವರಿಗೆ ಮಾರಲು ಸೇವೆಯಿಲ್ಲ ಎಂದಲ್ಲ. ಇವರ ಬಳಿ ಇರುವ ಸೇವೆಯನ್ನು ಕೊಳ್ಳುವ ದಾರಿಯಲ್ಲಿ ವಲಸೆ ನೀತಿ ಅಡ್ಡ ಕೂತಿದೆ.

ಹೇಗೆ ಎಂದು ನೇಪಾಳವನ್ನೇ ಇಟ್ಟುಕೊಂಡು ನೋಡೋಣ. 1995ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಗೇ ಜಾರಿಗೆ ಬಂದ ಗ್ಯಾಟ್ಸ್ ಎಂಬ ಸೇವಾ ವ್ಯಾಪಾರದ ಒಪ್ಪಂದ, ಸೇವೆ ಗಡಿ ದಾಟುವ ನಾಲ್ಕು ವಿಧಗಳನ್ನು ಗುರುತಿಸುತ್ತದೆ. ಲಲಿತಪುರದ ಎಂಜಿನಿಯರ್ ಕೂತಲ್ಲೇ ಕೋಡ್ ಬರೆದು ಲಂಡನ್ನಿಗೆ ಕಳಿಸಿದರೆ ಅದು ಮೊದಲನೆಯದು. ಎವರೆಸ್ಟ್ ಹತ್ತಲು, ಮುಕ್ತಿನಾಥನ ದರ್ಶನಕ್ಕೆ ಹೊರಗಿನವರು ಬಂದು ಅಲ್ಲೇ ಹಣ ಖರ್ಚು ಮಾಡಿದರೆ ಎರಡನೆಯದು. ಮೂರನೆಯದು ಹೊರದೇಶದಲ್ಲಿ ಬಂಡವಾಳ ಹೂಡಿ ಶಾಖೆ ತೆರೆಯುವುದು. ಬಡದೇಶಕ್ಕೆ ಅದು ದೂರದ ಮಾತು. ನಾಲ್ಕನೆಯದು, ಸೇವೆ ಕೊಡುವ ಮನುಷ್ಯನೇ ಕೆಲವು ಕಾಲ ಹೊರಗೆ ಹೋಗಿ ದುಡಿದು ಬರುವುದು. ಈ ನಾಲ್ಕನೆಯ ವಿಧ ಕನ್ನಡಿಗರಿಗೆ ಹೊಸದೇನಲ್ಲ. ಕಾಠ್ಮಂಡುವಿನ ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ನಮ್ಮ ಕರ್ನಾಟಕದ ಕಡೆಯವರು. ನೇಪಾಳದ ರಾಜರು ಅವರನ್ನು ಕರೆಸಿಕೊಂಡಾಗ ಗ್ಯಾಟ್ಸ್ ಇರಲಿಲ್ಲ, ವೀಸಾವೂ ಇರಲಿಲ್ಲ. ಬಲ್ಲವರು ಬೇಕಾಗಿದ್ದರು, ಬಲ್ಲವರು ಹೋದರು.

ನೇಪಾಳದ ಬಳಿ ಹೇರಳವಾಗಿ ಇರುವುದೂ ಈ ನಾಲ್ಕನೆಯ ವಿಧದ ಬಂಡವಾಳವೇ, ದುಡಿಯುವ ಕೈ. 2021ರ ಜನಗಣತಿಯಲ್ಲಿ ದೇಶದ ಜನಸಂಖ್ಯೆ ಸುಮಾರು 2.9 ಕೋಟಿ, ಮನೆಬಿಟ್ಟು ಪರದೇಶದಲ್ಲಿದ್ದವರು ಸುಮಾರು 22 ಲಕ್ಷ. ಅವರು ಕಳಿಸುವ ಹಣ ದೇಶದ ಒಟ್ಟು ಉತ್ಪನ್ನದ ಹೆಚ್ಚು ಕಡಿಮೆ ಕಾಲು ಭಾಗದಷ್ಟಾಗುತ್ತದೆ. ಆದರೆ ಇವರಲ್ಲಿ ಹೆಚ್ಚಿನವರು ಗ್ಯಾಟ್ಸ್ ಲೆಕ್ಕದಲ್ಲಿ ಸೇವೆ ರಫ್ತು ಮಾಡುವವರೇ ಅಲ್ಲ. ಆ ಒಪ್ಪಂದದ ಒಂದು ಅನುಬಂಧ, ಹೊರದೇಶದ ಉದ್ಯೋಗ ಮಾರುಕಟ್ಟೆಗೆ ಪ್ರವೇಶ ಬಯಸುವವರನ್ನೂ ಕಾಯಂ ಆಗಿ ನೆಲೆಸಿ ದುಡಿಯುವವರನ್ನೂ ಹೊರಗಿಡುತ್ತದೆ. ದೊಡ್ಡ ದೇಶಗಳು ನಾಲ್ಕನೆಯ ವಿಧದಲ್ಲಿ ಕೊಟ್ಟ ಭಾಷೆಯೂ ಹೆಚ್ಚಾಗಿ ಮ್ಯಾನೇಜರುಗಳಿಗೆ, ಕಂಪನಿಯೊಳಗೆ ವರ್ಗವಾಗಿ ಬರುವವರಿಗೆ, ಪದವಿ ಪಡೆದ ತಜ್ಞರಿಗೆ. ವರ್ಷಕ್ಕೆ 65,000 ಎಚ್‌-1ಬಿ ಎಂಬ ಸಂಖ್ಯೆಯನ್ನು ಅಮೆರಿಕ ತನ್ನ ಗ್ಯಾಟ್ಸ್ ಪಟ್ಟಿಯಲ್ಲೇ ಬರೆದುಕೊಟ್ಟಿದೆ. ಗಾರೆಯವನಿಗೆ, ಅಡುಗೆಯವಳಿಗೆ, ಕಾವಲಿನವನಿಗೆ ಅಂಥ ಪಟ್ಟಿಯಲ್ಲಿ ಸಾಲೇ ಇಲ್ಲ.

ಕತಾರಿನ ಗುತ್ತಿಗೆದಾರನ ಕೈಕೆಳಗೆ ಕಂಬಿ ಕಟ್ಟುವ ನೇಪಾಳಿ ಹುಡುಗನ ಸಂಬಳದಿಂದ ಊರಿಗೆ ಬರುವ ಹಣ ದೇಶದ ಲೆಕ್ಕಪತ್ರದಲ್ಲಿ ಸೇವಾ ರಫ್ತಿನ ಸಾಲಿನಲ್ಲಿ ಇರುವುದಿಲ್ಲ. ಮನೆಯವರಿಗೆ ಬಂದ ಹಣ ಎಂಬ ಬೇರೆ ಖಾತೆಯಲ್ಲಿರುತ್ತದೆ. ಇದು ಬರೀ ಗುಮಾಸ್ತರ ವ್ಯವಹಾರ ಎಂದುಕೊಳ್ಳಬೇಡಿ. ರಫ್ತು ಎಂದರೆ ವಾಣಿಜ್ಯ ಮಂತ್ರಿ ವಿಮಾನ ಹತ್ತಿ ಚೌಕಾಸಿಗೆ ಹೋಗುತ್ತಾನೆ. ವಲಸೆ ಎಂದರೆ ಗೃಹ ಮಂತ್ರಿ ಪೊಲೀಸರನ್ನು ಕಾವಲಿಗೆ ಹಾಕುತ್ತಾನೆ. ಒಂದೇ ಬೆವರು ಯಾವ ಖಾತೆಗೆ ಸೇರುತ್ತದೆ ಎಂಬುದರ ಮೇಲೆ ಅದಕ್ಕೆ ಸಿಗುವ ಮರ್ಯಾದೆ ನಿಂತಿದೆ.

ಬಡದೇಶಗಳಿಗೆ ಏನೂ ಕೊಟ್ಟಿಲ್ಲವೇ? ಕೊಟ್ಟಿದ್ದಾರೆ. 2011ರ ಡಿಸೆಂಬರಿನಲ್ಲಿ ಜಿನೀವಾದಲ್ಲಿ ಸೇರಿದ ವಿಶ್ವ ವ್ಯಾಪಾರ ಸಂಸ್ಥೆಯ ಸಚಿವರು, ಅತ್ಯಂತ ಹಿಂದುಳಿದ ದೇಶಗಳ ಸೇವೆಗೆ ಯಾವುದೇ ಸದಸ್ಯ ದೇಶ ವಿಶೇಷ ಸವಲತ್ತು ಕೊಡಬಹುದು, ಅದನ್ನೇ ಎಲ್ಲರಿಗೂ ಕೊಡಬೇಕಾಗಿಲ್ಲ ಎಂದು ವಿನಾಯಿತಿ ತಂದರು. 2015ರಲ್ಲಿ ನೈರೋಬಿಯಲ್ಲಿ ಅದನ್ನು 2030ರ ಕೊನೆಯವರೆಗೆ ವಿಸ್ತರಿಸಿದರು. ಇಪ್ಪತ್ತಕ್ಕೂ ಹೆಚ್ಚು ಸದಸ್ಯರು ತಾವು ಕೊಡುವ ಸವಲತ್ತುಗಳ ಪಟ್ಟಿ ಸಲ್ಲಿಸಿದರು. ಭಾರತವೂ ಸಲ್ಲಿಸಿತು, ಈ ದೇಶಗಳವರ ಬಿಸಿನೆಸ್ ಮತ್ತು ಉದ್ಯೋಗ ವೀಸಾಕ್ಕೆ ಶುಲ್ಕ ಮಾಫಿ ಮಾಡುವುದಾಗಿ ಅದರಲ್ಲಿ ಹೇಳಿತು. ಒಳ್ಳೆಯ ಹೆಜ್ಜೆ ಎಂದು ಮೆಚ್ಚಬೇಕು.

ಆದರೂ ಗಂಟು ಬಿಚ್ಚಲಿಲ್ಲ. ಕೊಟ್ಟದ್ದರಲ್ಲಿ ಬಹಳಷ್ಟು ಆ ದೇಶಗಳು ಮೊದಲೇ ಎಲ್ಲರಿಗೂ ಕೊಡುತ್ತಿದ್ದದ್ದು. ಮನುಷ್ಯರ ಓಡಾಟದ ಮಾತು ಬಂದಾಗ ಕೈ ಬಿಗಿಯಾಯಿತು. ಸಂತೆಗೆ ಬನ್ನಿ, ನಿಮಗೆ ಸುಂಕವಿಲ್ಲ ಎಂದು ಡಂಗುರ ಹೊಡೆಸಿ ಊರಬಾಗಿಲನ್ನು ಮಾತ್ರ ಮುಚ್ಚಿಟ್ಟ ಹಾಗಾಯಿತು. ವ್ಯಾಪಾರದ ಸಭೆಯಲ್ಲಿ ಒಪ್ಪಿಕೊಂಡ ಮಾತು ವೀಸಾ ಕಿಟಕಿಯ ಹಿಂದೆ ಕೂತ ಅಧಿಕಾರಿಗೆ ಗೊತ್ತೇ ಇರುವುದಿಲ್ಲ. ಗೊತ್ತಿದ್ದರೂ ಅವನ ಕೈಪಿಡಿ ಬೇರೆ. ಅವನು ಕೇಳುವುದು ಬ್ಯಾಂಕಿನಲ್ಲಿ ಎಷ್ಟಿದೆ, ವಾಪಸು ಹೋಗುತ್ತೀಯೋ ಇಲ್ಲವೋ ಎಂದು. ಅದನ್ನು ದಾಟಿದರೆ ಮುಂದೆ ನಿನ್ನ ಪ್ರಮಾಣಪತ್ರ ಇಲ್ಲಿ ನಡೆಯುವುದಿಲ್ಲ ಎಂಬ ಇನ್ನೊಂದು ಅಡ್ಡಿ. ಬಡದೇಶದ ಹುಡುಗ ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ನಿಲ್ಲಬೇಕಾಗುತ್ತದೆ.

ಅಮೆರಿಕ, ಯುರೋಪಿನ ಬಾಗಿಲು ಮುಚ್ಚಿದರೆ ಅವನು ಹೋಗುವುದು ಗಲ್ಫಿಗೆ, ಮಲೇಷ್ಯಾಕ್ಕೆ. ಅಲ್ಲಿ ಬಾಗಿಲು ತೆರೆದಿದೆ, ಆದರೆ ಹೋಗುವುದಕ್ಕೇ ಸಾಲ ಮಾಡಬೇಕು. ಕೂಲಿಗಾರನಿಂದ ನೇಮಕಾತಿ ಶುಲ್ಕ ಕೀಳಕೂಡದು ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1997ರ 181ನೇ ಒಡಂಬಡಿಕೆ ಹೇಳುತ್ತದೆ. ನೇಪಾಳ ಸರ್ಕಾರ 2015ರ ಜುಲೈಯಲ್ಲಿ ಆರು ಗಲ್ಫ್ ದೇಶಗಳಿಗೆ ಮತ್ತು ಮಲೇಷ್ಯಾಕ್ಕೆ 'ವೀಸಾ ಉಚಿತ, ಟಿಕೆಟ್ ಉಚಿತ' ನೀತಿ ತಂದಿತು. ವೀಸಾ ಮತ್ತು ವಿಮಾನದ ಖರ್ಚು ಮಾಲೀಕನದು, ಏಜೆನ್ಸಿ ಹೆಚ್ಚೆಂದರೆ 10,000 ನೇಪಾಳಿ ರೂಪಾಯಿ ತೆಗೆದುಕೊಳ್ಳಬಹುದು ಎಂಬುದು ನಿಯಮ. ನಿಯಮ ಕಾಗದದಲ್ಲಿದೆ, ಹಳ್ಳಿಯ ದಲ್ಲಾಳಿಯಿಂದ ಕಾಠ್ಮಂಡುವಿನ ಮ್ಯಾನ್‌ಪವರ್ ಕಚೇರಿಯವರೆಗೆ ನಡೆಯುವ ವಸೂಲಿಗೆ ಮಾತ್ರ ರಸೀತಿ ಇರುವುದಿಲ್ಲ. 10,000ಕ್ಕೆ ರಸೀತಿ ಕೊಟ್ಟು ಅದರ ಹತ್ತು ಪಟ್ಟು ಕೈಯಲ್ಲಿ ಇಸಿದುಕೊಳ್ಳುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಊರ ಸಾಹುಕಾರನ ಬಡ್ಡಿ ವರ್ಷಕ್ಕೆ ಶೇಕಡ 36 ಆದರೂ ಯಾರೂ ಹುಬ್ಬೇರಿಸುವುದಿಲ್ಲ.

ಸಾಲ ಹೊತ್ತು ಇಳಿದವನು ಬಾಯಿ ತೆರೆಯುವುದಿಲ್ಲ. ಹೇಳಿದ ಕೆಲಸ ಒಂದು, ಕೊಟ್ಟ ಕೆಲಸ ಇನ್ನೊಂದು. ಸಂಬಳ ಕಡಿಮೆ, ಪಾಸ್‌ಪೋರ್ಟು ಮಾಲೀಕನ ಪೆಟ್ಟಿಗೆಯಲ್ಲಿ. ತಿರುಗಿ ಬಂದರೆ ಸಾಹುಕಾರ ಬಾಗಿಲಲ್ಲಿ ನಿಂತಿರುತ್ತಾನೆ. ಕಾರ್ಮಿಕನನ್ನು ಮಾಲೀಕನಿಗೆ ಕಟ್ಟಿಹಾಕುವ ಕಫಾಲಾ ಪದ್ಧತಿ ಬಿಗಿಯಾಗಿದ್ದಾಗ ಮಾಲೀಕನ ಒಪ್ಪಿಗೆ ಪತ್ರವಿಲ್ಲದೆ ಕೆಲಸ ಬದಲಿಸಲೂ ಆಗುತ್ತಿರಲಿಲ್ಲ. ವಿಶ್ವಕಪ್ ಫುಟ್‌ಬಾಲಿನ ನೆಪದಲ್ಲಿ ಜಗತ್ತಿನ ಕಣ್ಣು ಬಿದ್ದ ಮೇಲೆ ಕತಾರ್ 2020ರಲ್ಲಿ ಆ ನಿಯಮ ತೆಗೆಯಿತು. 2021ರ ಮಾರ್ಚಿನಿಂದ ತಿಂಗಳಿಗೆ 1,000 ರಿಯಾಲ್ ಕನಿಷ್ಠ ವೇತನ ಗೊತ್ತು ಮಾಡಿತು. ಜಾರಿಯಲ್ಲಿ ಕೊರತೆಗಳಿವೆ. ಆದರೂ ಒಂದು ಮಾತು ತಿಳಿಯುತ್ತದೆ: ನೀತಿ ದೇವರು ಬರೆದ ಹಣೆಬರಹವಲ್ಲ, ಒತ್ತಡ ಬಿದ್ದರೆ ಬದಲಾಗುತ್ತದೆ.

ಕಳಿಸುವ ದೇಶವೂ ತಪ್ಪು ಮಾಡುತ್ತದೆ. ಗಲ್ಫಿನ ಮನೆಗೆಲಸದಲ್ಲಿ ತನ್ನ ಹೆಣ್ಣುಮಕ್ಕಳು ಹಿಂಸೆಗೆ ಸಿಕ್ಕಿದ ಸುದ್ದಿಗಳು ಬಂದಾಗ ನೇಪಾಳ 2012ರಲ್ಲಿ 30 ವರ್ಷದೊಳಗಿನ ಮಹಿಳೆಯರು ಮನೆಗೆಲಸಕ್ಕೆ ಅಲ್ಲಿಗೆ ಹೋಗಬಾರದು ಎಂದಿತು. 2017ರಲ್ಲಿ ವಯಸ್ಸಿನ ಮಾತಿಲ್ಲದೆ ಎಲ್ಲರನ್ನೂ ತಡೆಯಿತು. ಕಾಳಜಿಯಿಂದಲೇ ಮಾಡಿದ್ದು. ಆದರೆ ಬಡತನ ನಿಷೇಧಕ್ಕೆ ನಿಲ್ಲಲಿಲ್ಲ. ಭಾರತದ ಜೊತೆಗಿನ ತೆರೆದ ಗಡಿ ದಾಟಿ, ದೆಹಲಿ, ಮುಂಬೈ ವಿಮಾನ ನಿಲ್ದಾಣಗಳಿಂದ ಅವರು ಹೋದರು. ಶ್ರಮ ಸ್ವೀಕೃತಿ ಎಂಬ ಸರ್ಕಾರಿ ಪರವಾನಗಿಯ ಕಾಗದವಿಲ್ಲ, ವಿಮೆಯಿಲ್ಲ, ರಾಯಭಾರ ಕಚೇರಿಯ ಪುಸ್ತಕದಲ್ಲಿ ಹೆಸರಿಲ್ಲ. ರಕ್ಷಿಸಬೇಕೆಂದು ತಂದ ನಿಯಮ ಇದ್ದ ರಕ್ಷಣೆಯನ್ನೂ ಕಳೆಯಿತು. ಮುಂದೊಂದು ದಿನ ನಿಮ್ಮಲ್ಲಿ ಯಾರಾದರೂ ನಿಯಮ ಬರೆಯುವ ಕುರ್ಚಿಯಲ್ಲಿ ಕೂತರೆ ಇದು ನೆನಪಿರಲಿ. ಮುಂಬಾಗಿಲು ಹಾಕಿದಾಗ ಹಿತ್ತಲ ಬಾಗಿಲನ್ನು ದಲ್ಲಾಳಿ ತೆರೆಯುತ್ತಾನೆ, ದರವನ್ನೂ ಅವನೇ ಇಡುತ್ತಾನೆ.

ಹಾಗಾದರೆ ಸರಿಯಾದ ದಾರಿ ಎಲ್ಲಾದರೂ ಇದೆಯೇ? ಎರಡು ಕಡೆ ನೋಡಿ.

ದಕ್ಷಿಣ ಕೊರಿಯಾ 2004ರಲ್ಲಿ ಉದ್ಯೋಗ ಪರವಾನಗಿ ಪದ್ಧತಿ ತಂದಿತು. ನೇಪಾಳ 2007ರಲ್ಲಿ ಅದಕ್ಕೆ ಸಹಿ ಹಾಕಿತು. ಇಲ್ಲಿ ಏಜೆನ್ಸಿಗೆ ಜಾಗವಿಲ್ಲ. ಸರ್ಕಾರದಿಂದ ಸರ್ಕಾರಕ್ಕೆ ವ್ಯವಹಾರ. ಕೊರಿಯನ್ ಭಾಷೆಯ ಪರೀಕ್ಷೆ ಪಾಸಾದವರ ಹೆಸರು ಪಟ್ಟಿ ಸೇರುತ್ತದೆ, ಮಾಲೀಕ ಆ ಪಟ್ಟಿಯಿಂದಲೇ ಆರಿಸಿಕೊಳ್ಳಬೇಕು. ಅದಕ್ಕೂ ಮುಂಚೆ ತರಬೇತಿಯ ಹೆಸರಿನಲ್ಲಿ ಕಾರ್ಮಿಕರನ್ನು ಕರೆಸಿಕೊಳ್ಳುತ್ತಿದ್ದ ಹಳೆಯ ಪದ್ಧತಿಯ ಕಾಲದಲ್ಲಿ ಒಬ್ಬ ಕಾರ್ಮಿಕ ಕೊರಿಯಾ ತಲುಪುವುದಕ್ಕೆ ಸರಾಸರಿ 3,500 ಡಾಲರ್ ಸುರಿಯುತ್ತಿದ್ದ. ಹೊಸ ಪದ್ಧತಿಯಲ್ಲಿ ಅದು 1,000 ಡಾಲರಿನ ಕೆಳಗಿಳಿಯಿತು. 2011ರಲ್ಲಿ ವಿಶ್ವಸಂಸ್ಥೆಯ ಸಾರ್ವಜನಿಕ ಸೇವಾ ಪ್ರಶಸ್ತಿ ಈ ಪದ್ಧತಿಗೆ ಬಂತು. ಕಾರ್ಮಿಕ ಕಾರ್ಖಾನೆ ಬದಲಿಸುವುದಕ್ಕೆ ಅಲ್ಲೂ ಬಿಗಿ ನಿರ್ಬಂಧವಿದೆ, ಅದು ಸಡಿಲವಾಗಬೇಕು. ಆದರೆ ಕಾಠ್ಮಂಡುವಿನ ಓಣಿಗಳಲ್ಲಿ ಕೊರಿಯನ್ ಭಾಷೆ ಕಲಿಸುವ ತರಗತಿಗಳು ತುಂಬಿರುವುದು ಸುಮ್ಮನೆ ಅಲ್ಲ. ಅಲ್ಲಿ ಶಿಫಾರಸಿಗಿಂತ ಓದಿಗೆ ಬೆಲೆಯಿದೆ ಎಂದು ಹುಡುಗರಿಗೆ ಗೊತ್ತಾಗಿದೆ.

ಇನ್ನೊಂದು ನ್ಯೂಜಿಲೆಂಡ್. ಹಣ್ಣಿನ ತೋಟಗಳ ಕೊಯ್ಲಿಗೆ ಆಳು ಸಿಗದಾಗ ಅದು 2007ರಲ್ಲಿ ಪೆಸಿಫಿಕ್ ದ್ವೀಪಗಳವರಿಗಾಗಿ ಹಂಗಾಮಿನ ಯೋಜನೆ ತೆರೆಯಿತು. ಹನ್ನೊಂದು ತಿಂಗಳಲ್ಲಿ ಏಳು ತಿಂಗಳು ದುಡಿದು ಊರಿಗೆ ಮರಳಬೇಕು, ಮುಂದಿನ ಹಂಗಾಮಿಗೆ ಮತ್ತೆ ಬರಬಹುದು. ಹೋಗಿಬರುವ ವಿಮಾನ ದರದ ಅರ್ಧ ಮಾಲೀಕನದು. ಆ ದ್ವೀಪಗಳಲ್ಲೊಂದಾದ ವನುವಾಟು ಆಗ ಅತ್ಯಂತ ಹಿಂದುಳಿದ ದೇಶಗಳ ಪಟ್ಟಿಯಲ್ಲಿತ್ತು. ವನುವಾಟು ಮತ್ತು ಟೊಂಗಾದಲ್ಲಿ ಜಾನ್ ಗಿಬ್ಸನ್, ಡೇವಿಡ್ ಮೆಕೆಂಜಿ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಅಧ್ಯಯನದಲ್ಲಿ, ಹೋಗಿಬಂದವರ ಮನೆಗಳ ತಲಾ ಆದಾಯ ಶೇಕಡ 30ಕ್ಕೂ ಹೆಚ್ಚು ಏರಿದ್ದು ಕಂಡಿತು. ಹೋದವರಲ್ಲಿ ಬಹುಪಾಲು ಜನ ಹೊತ್ತಿಗೆ ಸರಿಯಾಗಿ ಮರಳಿದರು ಕೂಡ. ಕಾರಣ ಸರಳ. ಮತ್ತೆ ಬರಬಹುದು ಎಂಬ ಭರವಸೆ ಇದ್ದವನು ಕದ್ದು ಉಳಿಯುವುದಿಲ್ಲ. ಒಮ್ಮೆ ಹೊರಗೆ ಹೋದರೆ ಬಾಗಿಲು ಮುಚ್ಚುತ್ತದೆ ಎಂಬ ಭಯವೇ ಮನುಷ್ಯನನ್ನು ಕಾಗದವಿಲ್ಲದವನನ್ನಾಗಿ ಮಾಡುತ್ತದೆ.

ವಲಸೆಯೇ ಬಡತನಕ್ಕೆ ಮದ್ದು ಎಂದು ನಾನು ಹೇಳುತ್ತಿಲ್ಲ. ನೇಪಾಳದ ಗುಡ್ಡಗಾಡಿನಲ್ಲಿ ಉಳುವವರಿಲ್ಲದೆ ಬೀಳುಬಿದ್ದ ಗದ್ದೆಗಳಿವೆ. ಬಂದ ಹಣ ಅಕ್ಕಿ, ಬಟ್ಟೆ, ಮೊಬೈಲಿಗೆ ಹೋಗಿ, ಅವುಗಳಲ್ಲಿ ಬಹಳಷ್ಟು ಹೊರಗಿನಿಂದಲೇ ಬರುವುದರಿಂದ ಹಣವೂ ಮತ್ತೆ ಹೊರಗೇ ಹರಿಯುತ್ತದೆ. ದಾದಿಯರ ವಿಷಯವಂತೂ ಇನ್ನೂ ಸೂಕ್ಷ್ಮ. 2022ರಲ್ಲಿ ಬ್ರಿಟನ್ ಮತ್ತು ನೇಪಾಳ ದಾದಿಯರನ್ನು ಕಳಿಸುವ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ನೇಪಾಳ, ಆರೋಗ್ಯ ಸಿಬ್ಬಂದಿಯ ಕೊರತೆ ತೀವ್ರವಾಗಿರುವ 55 ದೇಶಗಳ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲೂ ಇದೆ. ಹೋಗಬೇಡ ಎಂದು ಆ ಹುಡುಗಿಯನ್ನು ಕಟ್ಟಿಹಾಕುವುದು ಅನ್ಯಾಯ; ಬಡದೇಶ ತನ್ನ ಖರ್ಚಿನಲ್ಲಿ ಕಲಿಸಿದವಳನ್ನು ಶ್ರೀಮಂತ ದೇಶ ಪುಕ್ಕಟೆಯಾಗಿ ಎತ್ತಿಕೊಂಡು ಹೋಗುವುದೂ ಅನ್ಯಾಯ. ಕರೆಸಿಕೊಳ್ಳುವವರು ಕಲಿಸುವ ಖರ್ಚಿನಲ್ಲೂ ಕೈಜೋಡಿಸಲಿ ಎಂಬುದು ನ್ಯಾಯದ ಮಾತು. ಊರಲ್ಲಿ ಕೆಲಸ ಹುಟ್ಟಬೇಕು, ಹೊರಗೆ ದಾರಿಯೂ ತೆರೆದಿರಬೇಕು. ಊರಲ್ಲೇ ಇರಲೂ, ಹೋಗಲೂ, ಮರಳಲೂ ಮನುಷ್ಯನಿಗೆ ಆಯ್ಕೆ ಇದ್ದರೆ ಅದು ಅಭಿವೃದ್ಧಿ.

ಇದರಲ್ಲಿ ನೀವೇನು ಮಾಡಬಹುದು ಎಂದು ಕೇಳುತ್ತೀರಿ. ಮಾಡುವುದು ಬೇಕಾದಷ್ಟಿದೆ.

ಮೊದಲು ನಿಮ್ಮ ಅಪಾರ್ಟ್‌ಮೆಂಟಿನ ಗೇಟಿನಿಂದ ಶುರು ಮಾಡಿ. ಬೆಂಗಳೂರಿನ ಕಾವಲಿನ ಕೆಲಸದಲ್ಲಿ, ಹೋಟೆಲಿನ ಅಡುಗೆಮನೆಯಲ್ಲಿ ನೇಪಾಳದವರು ಎಷ್ಟು ಮಂದಿ ಇದ್ದಾರೆ ಎಂದು ನಿಮಗೇ ಗೊತ್ತು. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದ ಪ್ರಕಾರ ಅವರಿಗೆ ಇಲ್ಲಿ ವೀಸಾ ಬೇಡ. ವಾಸಕ್ಕೂ ದುಡಿಮೆಗೂ ಅಡ್ಡಿಯಿಲ್ಲ. ಭವಿಷ್ಯ ನಿಧಿಯ ನಿಯಮದಲ್ಲೂ ನೇಪಾಳಿ ಕಾರ್ಮಿಕನನ್ನು ಭಾರತೀಯ ಕಾರ್ಮಿಕನೆಂದೇ ಎಣಿಸಬೇಕು. ಕನಿಷ್ಠ ವೇತನಕ್ಕೆ ಪೌರತ್ವ ಕೇಳುವಂತಿಲ್ಲ. ನಿಮ್ಮ ನಿವಾಸಿಗಳ ಸಂಘ ಸೆಕ್ಯುರಿಟಿ ಏಜೆನ್ಸಿಗೆ ಹಣ ಕಟ್ಟುವಾಗ, ಅದರಲ್ಲಿ ಎಷ್ಟು ಅವನ ಕೈಗೆ ಹೋಗುತ್ತದೆ, ಪಿಎಫ್ ಕಟ್ಟುತ್ತಾರೋ ಇಲ್ಲವೋ ಎಂದು ಸಭೆಯಲ್ಲಿ ಎದ್ದು ಕೇಳಿ. ಊರಿಗೆ ಹಣ ಕಳಿಸುವುದಕ್ಕೆ ಅವನು ಹುಂಡಿಯವನ ಹತ್ತಿರ ಹೋಗಬೇಕಾಗಿಲ್ಲ. ರಿಸರ್ವ್ ಬ್ಯಾಂಕ್ 2008ರಿಂದ ನೇಪಾಳಕ್ಕೆ ಎನ್‌ಇಎಫ್‌ಟಿ ಮೂಲಕ ಹಣ ಕಳಿಸುವ ಸೌಲಭ್ಯ ಇಟ್ಟಿದೆ. 2021ರಲ್ಲಿ ಅದರ ಮಿತಿಯನ್ನು 50,000ದಿಂದ 2 ಲಕ್ಷ ರೂಪಾಯಿಗೆ ಏರಿಸಿತು. ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಆ ಅರ್ಜಿ ತುಂಬಿಕೊಡುವುದಕ್ಕೆ ನಿಮಗೆ ಅರ್ಧ ಗಂಟೆ ಸಾಕು.

ಎರಡನೆಯದು, ನೀವೇ ಹೊರಗೆ ಹೋಗುವವರಾದರೆ. ಕರಾವಳಿಯ ಮನೆಗಳಿಗೆ ಗಲ್ಫ್ ಹೊಸದಲ್ಲ. ಮಂಗಳೂರು, ಉಡುಪಿ, ಭಟ್ಕಳದ ಎಷ್ಟೋ ಬೀದಿಗಳನ್ನು ಕಟ್ಟಿದ್ದು ಆ ದುಡ್ಡೇ. ನೋಂದಾಯಿತ ಏಜೆಂಟನ ಮೂಲಕವೇ ಹೋಗಿ. ನಮ್ಮ ಕಾನೂನಿನಲ್ಲಿ ಅವನು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ತೆರಿಗೆ, ಅಷ್ಟೇ. ಕರಾರನ್ನು ಓದಿ, ಅರ್ಥವಾಗದಿದ್ದರೆ ಓದಿಸಿಕೊಳ್ಳಿ, ಒಂದು ಪ್ರತಿ ಮನೆಯಲ್ಲಿಡಿ. ಅಲ್ಲಿ ನೀವು ಮೇಲ್ವಿಚಾರಕರಾಗಿದ್ದು ನಿಮ್ಮ ಕೈಕೆಳಗೆ ನೇಪಾಳ, ಬಾಂಗ್ಲಾ, ಉಗಾಂಡದವರು ದುಡಿಯುತ್ತಿದ್ದರೆ ಅವರ ಪಾಸ್‌ಪೋರ್ಟು ಯಾರ ಹತ್ತಿರ ಇದೆ ಎಂದು ಕೇಳುವ ಮೊದಲಿಗರು ನೀವಾಗಿ. ಒಂದು ಮೆಟ್ಟಿಲು ಮೇಲೆ ನಿಂತವನು ಕೆಳಗಿನವನನ್ನು ತುಳಿಯುವುದು ಪರದೇಶದಲ್ಲಿ ನಾನು ಬಹಳ ಕೇಳಿದ ಕಥೆ. ಅದರಲ್ಲಿ ನಮ್ಮ ಹೆಸರು ಬರಬಾರದು.

ಮೂರನೆಯದು, ಕಾನೂನು, ಅರ್ಥಶಾಸ್ತ್ರ, ಆಡಳಿತ ಓದುತ್ತಿರುವವರಿಗೆ. ಅಮೆರಿಕ ವೀಸಾ ಶುಲ್ಕ ಏರಿಸಿದ್ದನ್ನು ಪ್ರಶ್ನಿಸಿ ಭಾರತ 2016ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ದೂರು ಹೂಡಿತು. ವೃತ್ತಿಪರರ ಓಡಾಟ ವ್ಯಾಪಾರದ ಭಾಗ ಎಂಬುದು ನಮ್ಮ ದೇಶದ ನಿಲುವು. ಅದೇ ನಿಲುವನ್ನು ನಾವು ಬಡ ನೆರೆಯವರ ಜೊತೆ ಎಷ್ಟು ಪಾಲಿಸುತ್ತೇವೆ ಎಂಬುದರ ಮೇಲೆ ನಮ್ಮ ವಾದದ ತೂಕ ನಿಂತಿದೆ. ಶುಲ್ಕ ಮಾಫಿಯಷ್ಟೇ ಸಾಲದು. ನಮ್ಮ ಸಂಸ್ಥೆಗಳು ಅವರ ಪ್ರಮಾಣಪತ್ರವನ್ನು ಪರೀಕ್ಷಿಸಿ ಮಾನ್ಯ ಮಾಡುವ ದಾರಿ ಬೇಕು, ವ್ಯಾಪಾರ ಇಲಾಖೆ ಕೊಟ್ಟ ಮಾತು ವೀಸಾ ಇಲಾಖೆಯ ಕೈಪಿಡಿಗೆ ಇಳಿಯಬೇಕು. ಕಾಲವೂ ಹೆಚ್ಚಿಲ್ಲ. ನೇಪಾಳ, ಬಾಂಗ್ಲಾದೇಶ, ಲಾವೋಸ್ 2026ರ ನವೆಂಬರಿನಲ್ಲಿ ಹಿಂದುಳಿದ ದೇಶಗಳ ಪಟ್ಟಿಯಿಂದ ಹೊರಬರಬೇಕು ಎಂದು ವಿಶ್ವಸಂಸ್ಥೆ 2021ರಲ್ಲೇ ಗೊತ್ತು ಮಾಡಿತು. ಪಟ್ಟಿ ದಾಟಿದ ದೇಶಕ್ಕೆ 2011ರ ಆ ಸೇವಾ ವಿನಾಯಿತಿ ಸಿಗುವುದಿಲ್ಲ. ಉಳಿದವರಿಗೂ ಅದು 2030ಕ್ಕೆ ಮುಗಿಯುತ್ತದೆ. ಮುಂದೇನು ಎಂಬ ಕರಡನ್ನು ಬರೆಯುವ ವಯಸ್ಸಿಗೆ ಅಷ್ಟರಲ್ಲಿ ನೀವು ಬಂದಿರುತ್ತೀರಿ.

ಕೊನೆಯದಾಗಿ ಒಂದು ಎಚ್ಚರಿಕೆ. ಹೊರಗಿನವರು ಬಂದು ನಮ್ಮ ಕೆಲಸ ಕಿತ್ತುಕೊಂಡರು ಎಂಬ ಮಾತು ಎಲ್ಲ ಊರಲ್ಲೂ ಸುಲಭವಾಗಿ ಹತ್ತಿಕೊಳ್ಳುತ್ತದೆ. ಸ್ಥಳೀಯರ ಕೂಲಿ, ಭಾಷೆ, ನೆಲೆಯ ಬಗ್ಗೆ ಕಾಳಜಿ ಇರಬೇಕು. ಅದಕ್ಕೆ ಕಾನೂನಿನ ದಾರಿ ಇದೆ. ಕೂಲಿ ಇಳಿಯುವುದು ಹೊರಗಿನವನು ಬಂದಿದ್ದರಿಂದಲೇ ಅಲ್ಲ, ಅವನಿಗೆ ಕಾನೂನಿನ ಕೂಲಿ ಕೊಡದೆ ದುಡಿಸಿಕೊಳ್ಳಬಹುದು ಎಂಬ ಧೈರ್ಯ ಮಾಲೀಕನಿಗೆ ಇರುವುದರಿಂದ. ಅವನಿಗೆ ಹಕ್ಕು ಕೊಡಿಸಿದರೆ ನಿಮ್ಮ ಕೂಲಿಯೂ ಉಳಿಯುತ್ತದೆ. ಟೆಕ್ಸಾಸಿನಲ್ಲಿ ಯಾರೋ ನಿಮ್ಮ ಬಗ್ಗೆ ಅದೇ ಮಾತು ಆಡಿದಾಗ ನಿಮಗೆ ಹೇಗೆ ಉರಿಯುತ್ತದೋ, ಬೆಂಗಳೂರಿನಲ್ಲಿ ಕೇಳಿಸಿಕೊಂಡ ನೇಪಾಳಿ ಹುಡುಗನಿಗೂ ಹಾಗೆಯೇ ಉರಿಯುತ್ತದೆ.

ವೀಸಾಕ್ಕೆ ಅರ್ಜಿ ಹಾಕಿ, ಧೈರ್ಯವಾಗಿ ಹೋಗಿ, ಚೆನ್ನಾಗಿ ದುಡಿಯಿರಿ. ನಿಮಗೆ ಸಿಕ್ಕ ದಾರಿಯನ್ನು ನಿಮ್ಮ ಹಿಂದೆ ಬರುವ ಬಡವನಿಗೆ ಮುಚ್ಚುವವರ ಜೊತೆ ಮಾತ್ರ ಎಂದೂ ಸೇರಬೇಡಿ.